ಹಳೆಯ ಹೆಸರು, ಹೊಸ ಗಾಡಿ

ಪುಣಜನೂರಿನ ಹೆಸರನ್ನು ನಿಮ್ಮಲ್ಲಿ ಕೆಲವರಾದರೂ ಬಸ್ಸಿನ ಕಿಟಕಿಯಿಂದ ಓದಿರಬಹುದು. ಚಾಮರಾಜನಗರದಿಂದ ಸತ್ಯಮಂಗಲದ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಹೊಲಗದ್ದೆಗಳು ಮುಗಿದು ಬಿಳಿಗಿರಿರಂಗನ ಬೆಟ್ಟದ ಕಾಡು ಮೊದಲಾಗುವ ಕಡೆ ಇರುವ ಊರು ಅದು. ಅರಣ್ಯ ಇಲಾಖೆಯ ಚೆಕ್‌ಪೋಸ್ಟು ಅಲ್ಲಿದೆ. ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ಬೆಳಿಗ್ಗೆ ಆ ಚೆಕ್‌ಪೋಸ್ಟಿನ ಮುಂದೆ ಎರಡು ಮೋಟಾರು ಸೈಕಲ್ಲುಗಳು ಪಕ್ಕಪಕ್ಕದಲ್ಲಿ ನಿಂತವು. ಒಂದು ನನ್ನದು, ನಮ್ಮ ತಂದೆಯವರ ಕಾಲದ ಯೆಜ್ಡಿ, 1979ರದು. ಇನ್ನೊಂದು ನನ್ನ ಮಗನದು, 2019ರಲ್ಲಿ ಕೊಂಡ ಹೊಸ ಜಾವಾ. ಗೇಟಿನ ಬಳಿ ನಿಂತಿದ್ದ ಕಾವಲುಗಾರ ನಮ್ಮಿಬ್ಬರನ್ನೂ ನೋಡಿದ, ಗಾಡಿಗಳನ್ನೂ ನೋಡಿದ. ಆಮೇಲೆ ನಗುತ್ತಾ, “ಗಾಡಿಗಳೂ ಅಪ್ಪ ಮಗನೇಯಾ ಸ್ವಾಮಿ?” ಎಂದು ಕೇಳಿದ.

ಹೌದೆಂದು ತಟ್ಟನೆ ಹೇಳಿಬಿಟ್ಟೆ. ದಾರಿಯುದ್ದಕ್ಕೂ ಯೋಚಿಸಿದಾಗ ಆ ಉತ್ತರ ಅಷ್ಟು ಸುಲಭದ್ದಲ್ಲವೆನ್ನಿಸಿತು. ಅದನ್ನೇ ಇಂದು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ಮೊದಲು ಅಪ್ಪನ ಕಥೆ. ಜಾವಾ ಹುಟ್ಟಿದ್ದು 1929ರಲ್ಲಿ, ಆಗಿನ ಚೆಕೊಸ್ಲೊವಾಕಿಯದ ಪ್ರಾಗ್ ನಗರದಲ್ಲಿ. ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಕಂಪೆನಿಯಿಂದ ಮೋಟಾರು ಸೈಕಲ್ಲಿನ ಕೆಲಸವನ್ನು ಕೊಂಡು, ತನ್ನ ಹೆಸರಿನ ಆರಂಭವನ್ನೂ ಆ ಕಂಪೆನಿಯ ಹೆಸರಿನ ಆರಂಭವನ್ನೂ ಸೇರಿಸಿ ಈ ಹೆಸರು ಕಟ್ಟಿದ. ಅದು ನಮ್ಮ ಮೈಸೂರಿಗೆ ಬಂದದ್ದು ಮೂವತ್ತು ವರ್ಷಗಳ ತರುವಾಯ. ಇರಾನಿ ಮನೆತನದವರು 1960ರಲ್ಲಿ ಐಡಿಯಲ್ ಜಾವಾ ಎಂಬ ಕಂಪೆನಿಯನ್ನು ಕಟ್ಟಿದರು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರು 1961ರಲ್ಲಿ ಕಾರ್ಖಾನೆಯನ್ನು ಉದ್ಘಾಟಿಸಿದರು. ಮೈಸೂರಿನ ಆಕಾಶವಾಣಿ ನಿಲಯವಿರುವ ಯಾದವಗಿರಿಯಲ್ಲೇ ಆ ಕಾರ್ಖಾನೆಯೂ ಇದ್ದುದು. ಒಂದೇ ಬಡಾವಣೆಯಿಂದ ನಾಡಿಗೆ ಹಾಡೂ ಹೊರಟಿತು, ಗಾಡಿಯೂ ಹೊರಟಿತು. ಎಪ್ಪತ್ತರ ದಶಕದಲ್ಲಿ ಜಾವಾ ಎಂಬ ಹೆಸರು ಹೋಗಿ ಯೆಜ್ಡಿ ಬಂತು. ಹೆಸರು ಬದಲಾದರೂ ಮನೆತನ ಅದೇ.

ಆ ಗಾಡಿಯಲ್ಲಿ ಏನಿತ್ತು? ಕೂತು ನೋಡದವರಿಗಾಗಿ ಎರಡು ಮಾತು ಹೇಳುತ್ತೇನೆ. ಎಡಗಾಲಿನ ಬಳಿ ಒಂದೇ ಒಂದು ಲೀವರು. ಅದನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರು. ಎಂಜಿನ್ನು ಹೊತ್ತಿಕೊಂಡ ಮೇಲೆ ಮುಂದಕ್ಕೆ ಇಳಿಸಿದರೆ ಅದೇ ಗೇರು. ಎಂಜಿನ್ನಿಗೆ ಸಿಲಿಂಡರು ಒಂದೇ, ಹೊಗೆಯ ಕೊಳವೆಗಳು ಮಾತ್ರ ಎರಡು, ಎಡಕ್ಕೊಂದು ಬಲಕ್ಕೊಂದು. ಚೈನು ಕಣ್ಣಿಗೆ ಕಾಣದಂತೆ ತಗಡಿನ ಪೆಟ್ಟಿಗೆಯೊಳಗೆ ಮುಚ್ಚಿಕೊಂಡಿರುತ್ತಿತ್ತು. ನಮ್ಮ ಕಡೆಯ ಕೆಮ್ಮಣ್ಣಿನ ರಸ್ತೆಗಳಿಗೆ ಅದೊಂದು ವರವೇ ಸರಿ. 250 ಸಿ.ಸಿ.ಯ ಈ ಎಂಜಿನ್ನು ಟೂ ಸ್ಟ್ರೋಕ್ ಜಾತಿಯದು. ಎಂದರೆ ಎಂಜಿನ್ನಿನ ದಂಡ ಒಂದು ಸುತ್ತು ಸುತ್ತುವಷ್ಟರಲ್ಲಿ ಒಂದು ಸಲ ಪೆಟ್ರೋಲು ಹೊತ್ತಿ ಉರಿಯುತ್ತದೆ. ಎಂಜಿನ್ನಿಗೆ ಬೇಕಾದ ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸಿ ಹಾಕಬೇಕು. ಪೆಟ್ರೋಲಿನ ಜೊತೆಗೆ ಎಣ್ಣೆಯೂ ಉರಿಯುವುದರಿಂದಲೇ ಆ ನೀಲಿ ಹೊಗೆ.

ಆ ಹೊಗೆಯೇ ಅದಕ್ಕೆ ಮುಳುವಾದವುಗಳಲ್ಲಿ ಒಂದು. 1985ರಲ್ಲಿ ಹೀರೋ ಹೋಂಡಾದವರು 100 ಸಿ.ಸಿ.ಯ ಚಿಕ್ಕ ಫೋರ್ ಸ್ಟ್ರೋಕ್ ಗಾಡಿಯನ್ನು ತಂದರು. ಲೀಟರು ಪೆಟ್ರೋಲಿಗೆ ಅದು ಓಡುವ ದೂರವನ್ನು ಕೇಳಿ ಜನ ಬೆರಗಾದರು. ಅತ್ತ ಸರ್ಕಾರದ ಹೊಗೆ ನಿಯಮಗಳೂ ಬಿಗಿಯಾಗುತ್ತ ಬಂದವು. 1996ರಲ್ಲಿ ಮೈಸೂರಿನ ಕಾರ್ಖಾನೆ ಬಾಗಿಲು ಮುಚ್ಚಿತು. ಅಲ್ಲಿ ದುಡಿಯುತ್ತಿದ್ದವರು ಬೇರೆ ಬೇರೆ ದಾರಿ ಹಿಡಿದರು. ಕೈಯಲ್ಲಿ ವಿದ್ಯೆಯಿದ್ದ ಕೆಲವರು ಸಣ್ಣ ರಿಪೇರಿ ಅಂಗಡಿಗಳನ್ನಿಟ್ಟರು. ಹಳೆಯ ಜಾವಾ, ಯೆಜ್ಡಿಗಳು ಇಂದಿಗೂ ರಸ್ತೆಯ ಮೇಲಿರುವುದಕ್ಕೆ ಅಂಥ ಕೈಗಳೇ ಕಾರಣ. ಜುಲೈ ತಿಂಗಳ ಎರಡನೆಯ ಭಾನುವಾರವನ್ನು ಈ ಗಾಡಿಗಳ ಅಭಿಮಾನಿಗಳು ತಮ್ಮ ಹಬ್ಬವಾಗಿ ಆಚರಿಸುವುದನ್ನು ನೀವೂ ಕಂಡಿರಬಹುದು.

ಇನ್ನು ಮಗನ ಕಥೆ. ಇಪ್ಪತ್ತೆರಡು ವರ್ಷಗಳು ಕಳೆದ ಮೇಲೆ, 2018ರ ನವೆಂಬರ್ 15ರಂದು, ಮಹೀಂದ್ರ ಬಳಗದ ಕ್ಲಾಸಿಕ್ ಲೆಜೆಂಡ್ಸ್ ಕಂಪೆನಿಯವರು ಮುಂಬಯಿಯಲ್ಲಿ ಜಾವಾದ ಹೆಸರನ್ನು ಮತ್ತೆ ಕೂಗಿದರು. ದುಂಡನೆಯ ದೀಪ, ಹೊಳೆಯುವ ಟ್ಯಾಂಕು, ಎರಡು ಕೊಳವೆ ಎಲ್ಲವೂ ಹಾಗೆಯೇ. ಒಳಗಿನದು ಮಾತ್ರ ಬೇರೆ. 293 ಸಿ.ಸಿ.ಯ ಫೋರ್ ಸ್ಟ್ರೋಕ್ ಎಂಜಿನ್ನು, ಅದನ್ನು ತಣಿಸಲು ನೀರು, ಕಾರ್ಬ್ಯುರೇಟರಿನ ಬದಲು ಇಂಧನವನ್ನು ಅಳೆದು ಚಿಮ್ಮಿಸುವ ವಿದ್ಯುತ್ ಯಂತ್ರ, ಆರು ಗೇರು. ಹಳೆಯದರ ಶಕ್ತಿ ಸುಮಾರು 12 ಕುದುರೆಗಳಷ್ಟಾದರೆ ಹೊಸದರದು 27. ಕಿಕ್ಕರು ಇಲ್ಲವೇ ಇಲ್ಲ, ಗುಂಡಿ ಒತ್ತಿದರಾಯಿತು. ಬೆಲೆ ಆಗ 1,64,000 ರೂಪಾಯಿ. 2022ರ ಜನವರಿಯಲ್ಲಿ ಯೆಜ್ಡಿಯ ಹೆಸರೂ ಹೀಗೆಯೇ ಮರಳಿ ಬಂತು.

ಅಭಿಮಾನಿಗಳು ಏನೆಂದರು? ಒಂದೇ ಮಾತಿನಲ್ಲಿ ಹೇಳುವಂತಿಲ್ಲ. ಕೆಲವರು ಟ್ಯಾಂಕನ್ನು ನೋಡಿಯೇ ಕಣ್ಣು ಒದ್ದೆ ಮಾಡಿಕೊಂಡರು. ಕೆಲವರು ಸದ್ದನ್ನು ಕೇಳಿ ಮುಖ ತಿರುಗಿಸಿದರು: ಎಲ್ಲಿ ಆ ‘ಡಬ್ ಡಬ್’? ಫೋರ್ ಸ್ಟ್ರೋಕಿನಲ್ಲಿ ಎರಡು ಸುತ್ತಿಗೆ ಒಂದೇ ಸಲ ಇಂಧನ ಉರಿಯುವುದರಿಂದ ಆ ನಾದ ಬರಲಾರದೆಂದು ಎಂಜಿನಿಯರು ಹೇಳಿದರೆ, ಅಭಿಮಾನಿಯ ಕಿವಿ ಒಪ್ಪೀತೇ? ಮುಂದೆ ಕಾಣುವ ರೇಡಿಯೇಟರು ಕೆಲವರ ಕಣ್ಣಿಗೆ ಚುಚ್ಚಿತು. ಮತ್ತೆ ಕೆಲವರದು ಇದಕ್ಕೆ ತದ್ವಿರುದ್ಧವಾದ ದೂರು. ಇಷ್ಟೆಲ್ಲ ಹೊಸದು ಮಾಡಿದ ಮೇಲೆ ಹಿಂದಿನ ಚಕ್ರಕ್ಕೆ ಹಳೆಯ ಡ್ರಮ್ ಬ್ರೇಕು ಏಕೆ, ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಏರ್ಪಾಡು ಮುಂದಿನ ಚಕ್ರಕ್ಕೆ ಮಾತ್ರ ಏಕೆ ಎಂದು ಅವರು ಕೇಳಿದರು. ಮರುವರ್ಷವೇ ಎರಡೂ ಚಕ್ರಗಳಿಗೆ ಆ ಏರ್ಪಾಡುಳ್ಳ ಗಾಡಿ ಬಂದಿತು. ಒಬ್ಬರಿಗೆ ಬದಲಾವಣೆ ಹೆಚ್ಚಾಯಿತು, ಇನ್ನೊಬ್ಬರಿಗೆ ಸಾಲದಾಯಿತು.

ಈ ಜಗಳ ನಮ್ಮದೊಂದೇ ಅಲ್ಲ. ದೊಡ್ಡವರ ಗಾಡಿಯಲ್ಲಿ ನಡೆದದ್ದು ಆಟಿಕೆಯ ಗಾಡಿಯಲ್ಲೂ ನಡೆದಿದೆ. ರೇಡಿಯೋ ಎಂದರೆ ನಮಗೆ ವಾರ್ತೆ, ಸಂಗೀತ. ಅದೇ ರೇಡಿಯೋ ಅಲೆಗಳಿಂದ, ಕೈಯಲ್ಲೊಂದು ಪೆಟ್ಟಿಗೆ ಹಿಡಿದು ದೂರದಿಂದಲೇ ಓಡಿಸುವ ಪುಟ್ಟ ಬಂಡಿಗಳುಂಟು. ಜಪಾನಿನ ಟಮಿಯಾ ಕಂಪೆನಿಯವರು 1984ರಲ್ಲಿ ‘ಹಾರ್ನೆಟ್’ ಎಂಬ ಹೆಸರಿನ ಒಂದು ಬಂಡಿ ಮಾಡಿದರು. ಇಪ್ಪತ್ತು ವರ್ಷಗಳ ಮೇಲೆ, 2004ರಲ್ಲಿ, ಅದನ್ನೇ ಮತ್ತೆ ಮಾರಾಟಕ್ಕೆ ತಂದರು. ಅಮೆರಿಕದ ‘ಆರ್‌ಸಿ10’ ಎಂಬ ಬಂಡಿಯೂ 1984ರದೇ. ಅದು 2013ರಲ್ಲಿ ಮರಳಿತು. ಇವುಗಳಿಗಾಗಿ ಕಾದವರಲ್ಲಿ ಬಾಲ್ಯದಲ್ಲಿ ಇವನ್ನು ಆಡಿಸಿದ, ಅಥವಾ ಆಸೆಪಟ್ಟೂ ಕೊಳ್ಳಲಾಗದ, ಈಗ ತಲೆ ನರೆತಿರುವ ಗೃಹಸ್ಥರು ಬಹಳ. ಅವರಲ್ಲಿಯೂ ಇದೇ ಎರಡು ಪಕ್ಷ. ಒಂದು ತಿರುಪೂ ಬದಲಾಗಕೂಡದೆನ್ನುವವರು ಒಂದು ಕಡೆ. ಅಂದು ಮುರಿಯುತ್ತಿದ್ದ ಭಾಗ ಇಂದೂ ಮುರಿಯಬೇಕೇ ಎನ್ನುವವರು ಇನ್ನೊಂದು ಕಡೆ. ಮೊದಲಿನವರಿಗೆ ಬೇಕಾದುದು ತಮ್ಮ ಹತ್ತನೆಯ ವಯಸ್ಸು. ಎರಡನೆಯವರಿಗೆ ಒಂದು ಒಳ್ಳೆಯ ಬಂಡಿ. ಎರಡೂ ತಪ್ಪಲ್ಲ. ಆದರೆ ಒಂದೇ ಪೆಟ್ಟಿಗೆಯಲ್ಲಿ ಎರಡನ್ನೂ ತುಂಬಿ ಕೊಡುವುದು ಯಾವ ಕಂಪೆನಿಗೂ ಕಷ್ಟ.

ಈಗ ಮತ್ತೆ ನಮ್ಮ ಪುಣಜನೂರಿಗೆ ಬರೋಣ. ಗೇಟು ದಾಟಿ ಕಾಡಿನ ರಸ್ತೆಯಲ್ಲಿ ನಿಧಾನವಾಗಿ ಹೋಗುತ್ತಿದ್ದೆವು. ತಿರುವಿನಲ್ಲಿ ಜಿಂಕೆಗಳ ಒಂದು ಹಿಂಡು ಅಡ್ಡ ಬಂದಿತು. ಮಗ ಬ್ರೇಕು ಹಿಡಿದ. ಗಾಡಿ ಗೆರೆ ಎಳೆದಂತೆ ನಿಂತಿತು. ನಾನೂ ಹಿಡಿದೆ; ನನ್ನದು ಅವನಿಗಿಂತ ಎರಡು ಮಾರು ಮುಂದೆ ಹೋಗಿ ನಿಂತಿತು. ಹಿಂದೆ ತಿರುಗಿ ನೋಡಿದರೆ ನನ್ನ ನೀಲಿ ಹೊಗೆ ಬಿದಿರಿನ ಮೆಳೆಯೊಳಗೆ ತೂರಿಕೊಂಡು ಹೋಗುತ್ತಿತ್ತು. ಆನೆ, ಹುಲಿಗಳ ಮನೆಯಂಗಳದಲ್ಲಿ ನನ್ನ ‘ಡಬ್ ಡಬ್’ ಸಂಗೀತವೆಂದು ಹೇಳಿಕೊಳ್ಳಲು ನನಗೇ ಸಂಕೋಚವಾಯಿತು. ನೂರಿಪ್ಪತ್ತೈದು ಸಿ.ಸಿ.ಗೆ ಮೇಲ್ಪಟ್ಟ ಹೊಸ ಗಾಡಿಗಳಿಗೆ ಇಂಥ ಬ್ರೇಕಿನ ಏರ್ಪಾಡು 2019ರ ಏಪ್ರಿಲ್‌ನಿಂದ ಕಡ್ಡಾಯವಾಯಿತು. ಆ ಕಾನೂನನ್ನು ಮಾಡಿದವರನ್ನು ಅಂದು ನಾನು ಮನಸ್ಸಿನಲ್ಲೇ ಮೆಚ್ಚಿಕೊಂಡೆ. ಸದ್ದಿಗಾಗಿ ಹೊಸ ಗಾಡಿಯನ್ನು ಹಳಿಯುವ ಪಕ್ಷದಿಂದ ನಾನು ಹೊರಬಂದದ್ದು ಆ ತಿರುವಿನಲ್ಲಿ.

ಆದರೂ ನನ್ನದೊಂದು ದೂರು ಉಳಿಯಿತು. ಅದನ್ನು ಹೇಳಲು ಇನ್ನೂ ಹಿಂದಕ್ಕೆ ಹೋಗಬೇಕು. ನಮ್ಮ ತಂದೆಯವರು ಪಶುವೈದ್ಯ ಶಾಲೆಯಲ್ಲಿ ಕೆಲಸದಲ್ಲಿದ್ದರು. ದನಕರುಗಳಿಗೆ ಸೂಜಿ ಹಾಕಲು ಈ ಕಡೆಯ ಹಳ್ಳಿಗಳನ್ನೆಲ್ಲ ಅದೇ ಯೆಜ್ಡಿಯ ಮೇಲೆ ಸುತ್ತುತ್ತಿದ್ದರು. ಒಂದು ಸಂಜೆ ನಾನೂ ಹಿಂದೆ ಕೂತಿದ್ದೆ. ಪುಣಜನೂರಿನ ಹತ್ತಿರ ಗಾಡಿ ಕೆಮ್ಮಿ ನಿಂತುಬಿಟ್ಟಿತು. ಅಂದು ಬೆಳಿಗ್ಗೆ ಪೆಟ್ರೋಲಿಗೆ ಎಣ್ಣೆಯನ್ನು ಅಳತೆ ಮೀರಿ ಹುಯ್ದವನು ನಾನೇ. ಕತ್ತಲಾಗುತ್ತಿತ್ತು. ಆನೆ ಓಡಾಡುವ ಜಾಗ. ನನಗೆ ಅಳು ಬಂತು. ತಂದೆಯವರು ಗದರಲಿಲ್ಲ. ಪೆಟ್ಟಿಗೆಯಿಂದ ಸ್ಪ್ಯಾನರು ತೆಗೆದು ನನ್ನ ಕೈಗೆ ಕೊಟ್ಟು, “ಪ್ಲಗ್ಗು ಬಿಚ್ಚು ಮಗು” ಎಂದರು. ಮಸಿ ಹಿಡಿದ ಪ್ಲಗ್ಗನ್ನು ಉಪ್ಪುಕಾಗದದಲ್ಲಿ ತಿಕ್ಕಿ, ಪಂಚೆಯ ತುದಿಯಲ್ಲಿ ಒರೆಸಿ, ತಿರುಗಿ ಹಾಕಿ, ನನ್ನಿಂದಲೇ ಕಿಕ್ಕರು ಒದೆಸಿದರು. ಮೂರನೆಯ ಒದೆತಕ್ಕೆ ಎಂಜಿನ್ನು ಹೊತ್ತಿಕೊಂಡಿತು. ಅಂದು ನನಗೆ ಹತ್ತು ವರ್ಷ. ಆ ಗಾಡಿ ನನ್ನದಾದದ್ದು ಅಂದು. ಕಾಗದಪತ್ರದಲ್ಲಿ ನನ್ನ ಹೆಸರಿಗೆ ಬಂದದ್ದು ಎಷ್ಟೋ ವರ್ಷಗಳ ಮೇಲೆ.

ಹೊಸ ಗಾಡಿಯಲ್ಲಿ ಅಂಥ ಸಂಜೆ ಬರುವುದು ಕಡಮೆ, ಒಪ್ಪಿದೆ. ಬಂದರೆ ಏನು ಮಾಡಬೇಕು? ಮೀಟರಿನಲ್ಲಿ ಒಂದು ಹಳದಿ ದೀಪ ಹತ್ತೀತು. ಆ ದೀಪ ಏನು ಹೇಳುತ್ತಿದೆಯೆಂದು ತಿಳಿಯಲು ಪೇಟೆಯ ಷೋರೂಮಿನ ಯಂತ್ರ ಬೇಕು. ಚಾಮರಾಜನಗರದಲ್ಲಿ ನನ್ನ ಗಾಡಿಯನ್ನು ನೋಡಿಕೊಳ್ಳುವ ಮುದುಕ ಮೆಕ್ಯಾನಿಕ್ಕರ ಬಳಿಗೆ ಮಗನ ಜಾವಾವನ್ನು ಒಯ್ದಿದ್ದೆ. ಸುತ್ತಲೂ ಎರಡು ಸಲ ನಡೆದು ನೋಡಿದರು. ಟ್ಯಾಂಕಿನ ಮೇಲೆ ಅಂಗೈ ಇಟ್ಟರು. ಕುಕ್ಕರುಗಾಲಲ್ಲಿ ಕೂತು ಎಂಜಿನ್ನನ್ನು ಬಹಳ ಹೊತ್ತು ದಿಟ್ಟಿಸಿದರು. “ಮೊಕ ನಮ್ದೇ ಕಣ್ ಮೇಷ್ಟ್ರೇ, ಹೊಟ್ಟೆ ಮಾತ್ರ ಬ್ಯಾರೆದು. ಕೈ ಹಾಕಕ್ಕೆ ಧೈರ್ಯ ಸಾಲ್ದು” ಎಂದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ನನಗೆ ಮಾತ್ರ ಚುರುಕ್ಕೆಂದಿತು.

ಇನ್ನೂ ಒಂದು ಮಾತು. ಈ ಹೊಸ ಗಾಡಿಗಳು ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಅಲ್ಲಿಯ ಜನರಿಗೆ ಕೆಲಸ ಸಿಕ್ಕಿದೆ, ಸಂತೋಷ. ಆದರೆ ಮೈಸೂರಿನವರ ಪಾಲಿಗೆ ಹೆಸರು ಮರಳಿತು, ಕೆಲಸ ಮರಳಲಿಲ್ಲ. ಹಳೆಯ ಗಾಡಿಯನ್ನು ನಾವು ‘ನಮ್ಮ ಮೈಸೂರಿನದು’ ಎನ್ನುತ್ತಿದ್ದುದು ಟ್ಯಾಂಕಿನ ಆಕಾರವನ್ನು ಕಂಡಲ್ಲ. ಅದನ್ನು ಮಾಡಿದವರು ನಮ್ಮ ಪಕ್ಕದ ಬೀದಿಯಲ್ಲಿದ್ದರು, ಕೆಟ್ಟರೆ ತಿದ್ದುವವರು ನಮ್ಮ ಊರಿನಲ್ಲಿದ್ದರು, ಚಿಕ್ಕಪುಟ್ಟದ್ದನ್ನು ನಾವೇ ತಿದ್ದಿಕೊಳ್ಳುತ್ತಿದ್ದೆವು. ಹಳೆಯದನ್ನು ಹೊಸದಾಗಿ ತರುವವರು ಆಕಾರದ ಜೊತೆಗೆ ಈ ಬಳಕೆಯನ್ನೂ ತರಬೇಕೆಂದು ಕೇಳಿದರೆ ಅತಿಯಾಸೆಯೇ? ಬಿಡಿಭಾಗಗಳು ಚಿಕ್ಕ ಊರುಗಳಲ್ಲೂ ದೊರೆಯಲಿ. ಹಳದಿ ದೀಪದ ಭಾಷೆಯನ್ನು ಬೀದಿಯ ಮೆಕ್ಯಾನಿಕ್ಕಿಗೂ ಕಲಿಸಲಿ. ನಮ್ಮ ಐ.ಟಿ.ಐ. ಹುಡುಗರು ಕಾರ್ಬ್ಯುರೇಟರು ಬಿಚ್ಚುವುದನ್ನೂ ಕಲಿಯಲಿ, ಇಂಧನ ಚಿಮ್ಮಿಸುವ ಯಂತ್ರವನ್ನು ಪರೀಕ್ಷಿಸುವುದನ್ನೂ ಕಲಿಯಲಿ. ನಿಮ್ಮ ಮನೆಯಲ್ಲೂ ಇಂಥ ಹಳೆಯದೊಂದು ಯಂತ್ರ, ಹೊಲಿಗೆಯದೋ ರೇಡಿಯೋವೋ, ಮೂಲೆ ಸೇರಿದ್ದರೆ, ಗುಜರಿಗೆ ಹಾಕುವ ಮುಂಚೆ ಒಂದು ಸಲ ಮಕ್ಕಳ ಮುಂದೆ ಅದನ್ನು ಬಿಚ್ಚಿ ತೋರಿಸಿ.

ನಮ್ಮ ಮನೆಯಲ್ಲಿ ನಾವಿಬ್ಬರೂ ಒಂದು ಒಪ್ಪಂದಕ್ಕೆ ಬಂದಿದ್ದೇವೆ. ತಿಂಗಳಿಗೊಮ್ಮೆ ಮಗ ನನ್ನ ಗಾಡಿಯ ಪ್ಲಗ್ಗು ಬಿಚ್ಚಿ ತಿಕ್ಕಬೇಕು. ಅವನ ಗಾಡಿಯನ್ನು ಸರ್ವೀಸಿಗೆ ಬಿಟ್ಟಾಗ ನಾನು ಜೊತೆಗೆ ಹೋಗಿ, ಯಂತ್ರದ ಪರದೆಯ ಮೇಲೆ ಏನು ಬರುತ್ತದೆಯೆಂದು ಕೇಳಿ ತಿಳಿಯಬೇಕು. ಮೊದಲ ಸಲ ಅವನ ಬೆರಳಿಗೆ ಗಾಯವಾಯಿತು. ನನಗೆ ಪರದೆಯ ಅಕ್ಷರ ಕಾಣದೆ ಕನ್ನಡಕ ಬದಲಿಸಬೇಕಾಯಿತು. ಮುಂದಿನ ಸಲ ಪುಣಜನೂರಿನ ಕಾವಲುಗಾರ ಅದೇ ಪ್ರಶ್ನೆ ಕೇಳಿದರೆ ಹೀಗೆ ಹೇಳೋಣವೆಂದಿದ್ದೇನೆ: “ಮುಖ ನೋಡಿದರೆ ಅಪ್ಪ ಮಗನೇ ಕಣಯ್ಯ. ಒಬ್ಬರ ಕಷ್ಟ ಇನ್ನೊಬ್ಬರಿಗೆ ತಿಳಿಯಲಿ ಅಂತ ಈಗ ಕಲಿಸುತ್ತಾ ಇದ್ದೇವೆ.”