ನಮ್ಮ ಅಣ್ಣನ ವಿಷಯ

(ಸಿರಸಿಯ ಒಂದು ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ನಾನು ಭಾಷಣ ಮಾಡುವವಳಲ್ಲ. ನಮ್ಮ ಅಣ್ಣನ ವಿಷಯ ಹೇಳ್ತೇನೆ. ಅವನನ್ನು ಕೇಳಿಯೇ ಬಂದಿದ್ದೇನೆ. "ಹೆಸರು ಹೇಳಬೇಡ, ಉಳಿದದ್ದು ಹೇಳು" ಅಂದಿದ್ದಾನೆ.

ನಮ್ಮ ತವರು ಸಿದ್ದಾಪುರದ ಕಡೆ. ಅಣ್ಣನಿಗೆ ಈಗ 46 ವರ್ಷ. ಸಣ್ಣವನಿದ್ದಾಗ ಅವನಿಗೆ ಮಾತು ಬಂದದ್ದು ತಡ. ಅಂಗಳದಲ್ಲಿ ಅಡಿಕೆ ಸಾಲು ಇಟ್ಟು ಕೂತಿರುತ್ತಿದ್ದ. ಯಾರಾದರೂ ಒಂದು ಅಡಿಕೆ ಸರಿಸಿದರೆ ದೊಡ್ಡ ಗಲಾಟೆ. ಮನೆಗೆ ನೆಂಟರು ಬಂದರೆ ನಾವೆಲ್ಲ "ಬನ್ನಿ, ಕೂತ್ಕೊಳ್ಳಿ, ಆಸರಿಗೆ ಎಂತಾ ಬೇಕು?" ಅಂತ ಕೇಳ್ತೇವೆ. ಅಣ್ಣ ಕೇಳುವುದಿಲ್ಲ. ಮುಖ ನೋಡುವುದಿಲ್ಲ. ಎದ್ದು ಒಳಗೆ ಹೋಗ್ತಾನೆ. ಕೆಲವರು "ಸೊಕ್ಕು" ಅಂದರು. ಕೆಲವರು "ಅರೆ ಮರುಳು" ಅಂದರು.

ಒಂದು ದಿನ ಅವ್ವ ಒಲೆ ಮೇಲೆ ಹಾಲಿಟ್ಟು, "ನೋಡ್ತಾ ಇರು" ಅಂತ ಹೇಳಿ ಕೊಟ್ಟಿಗೆಗೆ ಹೋದಳು. ಹಾಲು ಉಕ್ಕಿ ಬೆಂಕಿ ಆರಿತು. ಅಣ್ಣ ನೋಡ್ತಾ ಕೂತಿದ್ದ. ಬೈದರೆ, "ನೋಡು ಅಂದೆ, ನೋಡಿದೆ" ಅಂದ. ನಾವು ನಕ್ಕೆವು. ಆದರೆ ಅವನು ತಮಾಷೆ ಮಾಡಿದ್ದಲ್ಲ. ನಾವು ಬಾಯಲ್ಲಿ ಆಡಿದ್ದಷ್ಟೇ ಅವನಿಗೆ ಮಾತು. ಆಡದೆ ಉಳಿಸಿದ್ದು ತಿಳಿಯುವುದಿಲ್ಲ. ಮರುದಿನದಿಂದ ಅವ್ವ, "ಹಾಲು ಮೇಲೆ ಬಂದ ಕೂಡಲೆ ಪಾತ್ರೆ ಇಳಿಸು" ಅಂತ ಹೇಳಿದಳು. ಮತ್ತೆ ಒಂದು ದಿನವೂ ಹಾಲು ಉಕ್ಕಲಿಲ್ಲ.

ಅವ್ವನೂ ನಿಮ್ಮ ಹಾಗೆ ದೊಡ್ಡವಳಾದ ಮೇಲೆ ಅಕ್ಷರ ಕಲಿತವಳು. ಕಲಿತ ಅಕ್ಷರ ಹೆಚ್ಚು ಬಳಸಿದ್ದು ಅಣ್ಣನಿಗಾಗಿ. ಹಳೆ ಕ್ಯಾಲೆಂಡರಿನ ಹಿಂದೆ ಬರೆದಿಡುತ್ತಿದ್ದಳು. "ನಾಳೆ ಮಾವ ಬರ್ತಾರೆ. ಊಟ ಮಾಡಿ ನಾಲ್ಕು ಗಂಟೆಗೆ ಹೋಗ್ತಾರೆ." ಮೊದಲೇ ಗೊತ್ತಿದ್ದರೆ ಅಣ್ಣ ಜಗಲಿಯಲ್ಲಿ ಸ್ವಲ್ಪ ಹೊತ್ತು ಕೂರುತ್ತಿದ್ದ.

ಅವನ ಕೆಲಸ ಅಡಿಕೆ ಆರಿಸುವುದು. ಚಾಲಿ ಬೇರೆ, ಕೋಕಾ ಬೇರೆ, ಬಿಳೇಗೋಟು ಬೇರೆ. ಅವನ ಕೈ ತಪ್ಪುವುದಿಲ್ಲ. ಅಡಿಕೆ ಸುಲಿಯುವಾಗ ಹತ್ತು ಜನ ಕೂತು ಹರಟೆ ಹೊಡೀತಾರಲ್ಲ, ನಮಗೆ ಅದೇ ಸುಖ. ಅವನಿಗೆ ಅದು ಕಿವಿಯ ಹತ್ತಿರ ಚಂಡೆ ಬಾರಿಸಿದ ಹಾಗೆ. ಅದಕ್ಕೆ ದೂರ ಒಬ್ಬನೇ ಕೂರ್ತಾನೆ. ಒಂದು ಕಡೆ ಅವನಿಗೆ ವರ್ಷಗಟ್ಟಲೆ ಅರ್ಧ ಕೂಲಿ ಕೊಟ್ಟರು. ಯಾಕೆ? ಅವನು ಕೇಳುವುದಿಲ್ಲ, ಅದಕ್ಕೆ. ನಮ್ಮ ತಮ್ಮ ಹೋಗಿ ಜೋರು ಮಾಡಿದ ಮೇಲೆ ಪೂರ್ತಿ ಕೂಲಿ ಬಂತು. ಹಿಂದಿನ ಬಾಕಿ ಬರಲಿಲ್ಲ.

ಅವ್ವ ತೀರಿಕೊಂಡಾಗ ಅಣ್ಣ ಅಳಲಿಲ್ಲ. "ಕಲ್ಲು ಮನಸ್ಸು" ಅಂದರು ನೆಂಟರು. ಅವ್ವ ದಿನಾ ಐದು ಗಂಟೆಗೆ ಸ್ನಾನ ಮಾಡ್ತಿದ್ದಳು. ಬಚ್ಚಲ ಹಂಡೆಗೆ ಬೆಂಕಿ ಹಾಕುವವನು ಅಣ್ಣ. ಅವಳು ಹೋದ ಮೇಲೂ ಅವನು ಕತ್ತಲೆಯಲ್ಲೇ ಎದ್ದು ನೀರು ತುಂಬಿ ಬೆಂಕಿ ಹಾಕಿದ. ಇವತ್ತಿಗೂ ಹಾಕ್ತಾನೆ.

ಆಗ ನಾನು ಒಂದು ತಪ್ಪು ಮಾಡಿದೆ. ನನ್ನನ್ನು ಕೊಟ್ಟದ್ದು ಯಲ್ಲಾಪುರಕ್ಕೆ. ಒಳ್ಳೆಯದಾಗಲಿ ಅಂತ ಅಣ್ಣನನ್ನು ಹೇಳದೆ ಕೇಳದೆ ನಮ್ಮ ಮನೆಗೆ ಕರೆದುಕೊಂಡು ಹೋದೆ. ಎರಡು ದಿನ ಅವನು ಊಟ ಮುಟ್ಟಲಿಲ್ಲ. ಮೂರನೆಯ ದಿನ ಅಣ್ಣನೇ ಇಲ್ಲ! ಹುಡುಕಿ ಹುಡುಕಿ ಸಾಕಾಯಿತು. ಸಂಜೆ ಇಲ್ಲೇ ಸಿರಸಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ. ಜನರ ಗದ್ದಲಕ್ಕೆ ಕಿವಿ ಮುಚ್ಚಿಕೊಂಡು ಮೂಲೆಯಲ್ಲಿ ಕೂತಿದ್ದ. ಯಾರೋ ಕುಡಿದಿದ್ದಾನೆ ಅಂದುಕೊಂಡಿದ್ದರು. "ಬೆಂಕಿ ಹಾಕಬೇಕು, ಮನೆಗೆ ಹೋಗ್ತೇನೆ" ಅಂದ. ಅವತ್ತೇ ಸಿದ್ದಾಪುರಕ್ಕೆ ಬಿಟ್ಟು ಬಂದೆ. ಈಗ ತಮ್ಮನ ಸಂಸಾರದ ಜೊತೆ ಹಳೆ ಮನೆಯಲ್ಲೇ ಇದ್ದಾನೆ.

ಆಮೇಲೆ ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಗೆ ಹೋದೆವು. ಹೋಗುವ ಮೊದಲು ಬಸ್ಸಿನ ಹೊತ್ತು, ಇಳಿಯುವ ಊರು ಎಲ್ಲ ಚೀಟಿಯಲ್ಲಿ ಬರೆದುಕೊಟ್ಟೆ. ಡಾಕ್ಟರು ಅವನ ಬಾಲ್ಯದ ಸಂಗತಿ ಎಲ್ಲ ಕೇಳಿದರು. ಚಿಕ್ಕಮ್ಮ ಬಂದಿದ್ದಳು, ಅವಳೇ ಹೇಳಿದಳು. "ಇದು ಆಟಿಸಂ" ಅಂದರು. ಪುಸ್ತಕದಲ್ಲಿ ಸ್ವಲೀನತೆ ಅಂತ ಬರೀತಾರೆ. ಅದು ನಾಲಿಗೆಗೆ ಕಷ್ಟ, ಆಟಿಸಂ ಅಂದರೆ ಸಾಕು.

ಇದು ಹುಚ್ಚಲ್ಲ. ಅಂಟುವ ರೋಗವಲ್ಲ. ಹುಟ್ಟಿನಿಂದಲೇ ಮಿದುಳು ಬೇರೆ ರೀತಿ ಕೆಲಸ ಮಾಡ್ತದೆ. ತಾಯಿ ಸಾಕಿದ್ದು ಸರಿ ಇಲ್ಲ ಅಂತಲೂ ಅಲ್ಲ, ಯಾರ ಶಾಪವೂ ಅಲ್ಲ. ಇದನ್ನು ತೆಗೆದುಹಾಕುವ ಔಷಧಿ ಇಲ್ಲ. "ಔಷಧಿ ಇದೆ" ಅಂತ ದುಡ್ಡು ಕೇಳುವವರನ್ನು ನಂಬಬೇಡಿ. ಎಲ್ಲರೂ ನಮ್ಮ ಅಣ್ಣನ ಹಾಗೆ ಇರುವುದಿಲ್ಲ. ಕೆಲವರಿಗೆ ಮಾತೇ ಇಲ್ಲ, ಬದುಕಿಡೀ ಒಬ್ಬರು ಜೊತೆಗೆ ಬೇಕು. ಕೆಲವರು ಓದಿ ನೌಕರಿಯಲ್ಲಿದ್ದಾರೆ. ಹೆಂಗಸರಲ್ಲೂ ಇದೆ. "ನಾಚಿಕೆ ಸ್ವಭಾವ" ಅಂತ ಸುಮ್ಮನಾಗಿಬಿಡ್ತೇವೆ.

1943ರಲ್ಲಿ ಲಿಯೊ ಕ್ಯಾನರ್ ಎಂಬ ಡಾಕ್ಟರು ಅಮೆರಿಕದಲ್ಲಿ ಇಂಥ 11 ಮಕ್ಕಳ ಬಗ್ಗೆ ಬರೆದರು. ಅದರಲ್ಲಿ ಮೊದಲನೆಯವನು ಡೊನಾಲ್ಡ್ ಟ್ರಿಪ್ಲೆಟ್. ಫಾರೆಸ್ಟ್ ಎಂಬ ಸಣ್ಣ ಊರಿನವನು. ಹುಡುಗನಿದ್ದಾಗ ಕೆಲವು ಕಾಲ ಒಂದು ರೈತರ ಮನೆಯಲ್ಲಿದ್ದ. ಅವನಿಗೆ ಎಣಿಸುವ ಹುಚ್ಚು. ರೈತ ಅವನಿಗೆ ಹೊಲದ ಸಾಲು ಎಣಿಸುವ ಕೆಲಸ ಕೊಟ್ಟ. ಮುಂದೆ ಊರಿನ ಬ್ಯಾಂಕಿನಲ್ಲಿ ದುಡಿದ, ಕಾರು ಓಡಿಸಿದ, ಒಬ್ಬನೇ ದೇಶ ವಿದೇಶ ಸುತ್ತಿದ. 2023ರಲ್ಲಿ, 89ನೆಯ ವಯಸ್ಸಿನಲ್ಲಿ ತೀರಿಕೊಂಡ. ಹಣವಂತರ ಮನೆಯವನು, ನಿಜ. ಆದರೆ ಊರಿನ ಜನ ಅವನನ್ನು ನಮ್ಮವನು ಅಂದುಕೊಂಡರು. ಅದಕ್ಕೆ ಹಣ ಬೇಡವಲ್ಲ.

ಮದುವೆ ವಿಷಯ ಹೇಳಲೇಬೇಕು. "ಮದುವೆ ಮಾಡಿ, ಸರಿ ಆಗ್ತಾನೆ" ಅಂದವರಿಗೆ ಲೆಕ್ಕವಿಲ್ಲ. ನಾವೂ ಒಮ್ಮೆ ಏನೂ ತಿಳಿಸದೆ ಹೆಣ್ಣು ನೋಡಲಿಕ್ಕೆ ಹೋಗಿದ್ದೆವು. ಈಗ ನೆನೆದರೆ ನಾಚಿಕೆ. ಆ ಹುಡುಗಿಯ ಗತಿ ಎಂತಾ ಆಗ್ತಿತ್ತು? ಆಟಿಸಂ ಇದ್ದವರು ಮದುವೆಯಾಗಿ ಸಂಸಾರ ಮಾಡ್ತಾರೆ, ಇಲ್ಲ ಅಂತಲ್ಲ. ಆದರೆ ಅವನಿಗೆ ಬೇಕಾ ಅಂತ ಕೇಳಬೇಕು. ಹೆಣ್ಣಿಗೂ ಮೊದಲೇ ಹೇಳಬೇಕು. ಅಣ್ಣನನ್ನು ಕೊನೆಗೆ ಕೇಳಿದೆವು. "ಬೇಡ" ಅಂದ. ಮುಗಿಯಿತು.

2016ರ ಅಂಗವಿಕಲರ ಹಕ್ಕಿನ ಕಾನೂನಿನಲ್ಲಿ 21 ಬಗೆ ಇದೆ. ಆಟಿಸಂ ಅದರಲ್ಲಿ ಒಂದು. ಗುರುತಿನ ಚೀಟಿ ಮಾಡಿಸಬೇಕು ಅಂದರೆ ನಿಮ್ಮ ಗ್ರಾಮ ಪಂಚಾಯತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಮನಸ್ಸಿಗೆ ತುಂಬಾ ಕಷ್ಟವಾದರೆ 14416ಕ್ಕೆ ಫೋನು ಮಾಡಿ. ದುಡ್ಡು ಕೊಡಬೇಕಿಲ್ಲ. ಸಾಕುವವರಿಗೂ ಕಷ್ಟ ಇದೆ, ಅವರೂ ಮಾಡಬಹುದು.

ಇನ್ನು ನಾನು ಹೊರಡ್ತೇನೆ. ಇವತ್ತು ಸಿದ್ದಾಪುರಕ್ಕೆ ಬರ್ತೇನೆ ಅಂತ ಅಣ್ಣನಿಗೆ ಹೇಳಿದ್ದೆ. "ಏಳು ಗಂಟೆ" ಅಂತ ಅವನೇ ಕ್ಯಾಲೆಂಡರಿನಲ್ಲಿ ಬರೆದಿದ್ದಾನೆ. ಈ ಬಸ್ಸು ತಪ್ಪಿದರೆ ಅವನು ರಸ್ತೆಯಲ್ಲೇ ನಿಂತಿರ್ತಾನೆ.