ಹುಳುಕು ಹಲ್ಲಿಗೆ ಬೆಳ್ಳಿಯೋ, ಬಿಳಿಯೋ?

(ಸ್ವಸಹಾಯ ಸಂಘಗಳ ಸದಸ್ಯರಿಗಾಗಿ ನಡೆದ ದಂತ ಆರೋಗ್ಯ ಮಾಹಿತಿ ಶಿಬಿರದಲ್ಲಿ ದಂತ ವೈದ್ಯರೊಬ್ಬರು ನೀಡಿದ ಉಪನ್ಯಾಸ)



ಇತ್ತೀಚೆಗೆ ನನ್ನ ಬಳಿಗೆ ಒಬ್ಬ ತಾಯಿ ಬಂದಿದ್ದರು. ದವಡೆ ಹಲ್ಲಿನಲ್ಲಿ ತೂತು. ತುಂಬಿಸಬೇಕು ಅಂದೆ. "ಡಾಕ್ಟ್ರೇ, ನನಗೆ ಬೆಳ್ಳಿ ಸಿಮೆಂಟ್ ಹಾಕಿದ್ರೆ ಸಾಕು. ಬಿಳಿಯದ್ದು ಚಂದಕ್ಕೆ ಅಲ್ವಾ? ಒಳಗಿನ ಹಲ್ಲು ಯಾರು ನೋಡ್ತಾರೆ?" ಅಂದರು. ಅವರಿಗೆ ಆಗ ಐದು ತಿಂಗಳು. ಅವರು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ದುಡ್ಡು ಉಳಿಸಲು ನೋಡಿದರು, ಅಷ್ಟೇ. ಆದರೆ ಬಿಳಿ ಫಿಲ್ಲಿಂಗ್ ಬರೀ ಚಂದಕ್ಕೆ ಅನ್ನುವ ಮಾತು ನಮ್ಮಲ್ಲಿ ಬಹಳ ಜನರ ತಲೆಯಲ್ಲಿ ಇದೆ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಾವು ಬೆಳ್ಳಿ ಎಂದು ಕರೆಯುವುದರ ಹೆಸರು ಅಮಾಲ್ಗಮ್. ಹೆಸರು ಬೆಳ್ಳಿ, ಆದರೆ ಅದರಲ್ಲಿ ಸುಮಾರು ಅರ್ಧ ಭಾಗ ಪಾದರಸ. ಉಳಿದದ್ದು ಬೆಳ್ಳಿ, ತವರ, ತಾಮ್ರದ ಪುಡಿ. ಎರಡನ್ನೂ ಕಲಸಿ, ಮೆತ್ತಗಿರುವಾಗಲೇ ತೂತಿಗೆ ಒತ್ತಿ ತುಂಬುತ್ತಾರೆ, ಆಮೇಲೆ ಅದು ಗಟ್ಟಿಯಾಗುತ್ತದೆ. ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಇದು ಬಳಕೆಯಲ್ಲಿದೆ. ಅಗ್ಗ, ಬೇಗ ಮುಗಿಯುತ್ತದೆ, ಬಾಯಿಯ ನೀರು ಸ್ವಲ್ಪ ತಾಗಿದರೂ ಹಾಳಾಗುವುದಿಲ್ಲ, ಅಗಿಯುವ ಭಾರ ತಡೆಯುತ್ತದೆ. ನನ್ನ ಬಾಯಿಯಲ್ಲೂ ಒಂದಿದೆ! ಕಾಲೇಜು ದಿನಗಳಲ್ಲಿ ಹಾಕಿಸಿದ್ದು, ಇನ್ನೂ ಗಟ್ಟಿಯಾಗಿದೆ.

ಹಾಗಾದರೆ ಅದು ಬೇಡ ಯಾಕೆ? ಒಂದು ಕಾರಣ ಹಲ್ಲಿನದ್ದೇ. ಅಮಾಲ್ಗಮ್ ಹಲ್ಲಿಗೆ ಅಂಟಿಕೊಳ್ಳುವುದಿಲ್ಲ. ಅದು ಬೀಳದಂತೆ ನಿಲ್ಲಬೇಕಾದರೆ ತೂತಿನ ಬಾಯಿ ಕಿರಿದು, ಒಳಗೆ ಅಗಲ ಇರುವಂತೆ ಕೊರೆಯಬೇಕು. ಹುಳುಕಿನ ಜೊತೆಗೆ ಸ್ವಲ್ಪ ಒಳ್ಳೆಯ ಹಲ್ಲೂ ಹೋಗುತ್ತದೆ. ಬಿಳಿಯದ್ದು ಹಲ್ಲಿಗೆ ಅಂಟುವುದರಿಂದ ಹುಳುಕು ಇದ್ದಷ್ಟನ್ನೇ ತೆಗೆದರೆ ಸಾಕಾಗುತ್ತದೆ. ಹೋದ ಹಲ್ಲು ಮತ್ತೆ ಬೆಳೆಯುವುದಿಲ್ಲವಲ್ಲ.

ಇನ್ನೊಂದು ಕಾರಣ ಪಾದರಸ. ಅಗಿಯುವಾಗ ಬಹಳ ಸಣ್ಣ ಪ್ರಮಾಣದಲ್ಲಿ ಅದರ ಆವಿ ಹೊರಡುತ್ತದೆ. ಇದರಿಂದ ಸಾಮಾನ್ಯ ಜನರಿಗೆ ರೋಗ ಬರುತ್ತದೆ ಎಂದು ಸಾಬೀತಾಗಿಲ್ಲ, ಹೆದರಬೇಡಿ. ಆದರೆ ಹೊಟ್ಟೆಯಲ್ಲಿರುವ ಮಗುವಿನ ವಿಷಯದಲ್ಲಿ ಅಷ್ಟೂ ಬೇಡ ಎನ್ನುವುದು ಜಾಣತನ. ಅಲ್ಲದೆ ಕ್ಲಿನಿಕ್ಕಿನಲ್ಲಿ ಉಳಿದ ಚೂರುಗಳನ್ನು ಸರಿಯಾಗಿ ಹಿಡಿದಿಡದಿದ್ದರೆ ಚರಂಡಿ ಸೇರಿ, ಹೊಳೆ ಸೇರಿ, ಕಡೆಗೆ ಮೀನಿನ ಮೈ ಸೇರಬಹುದು. ನಾವು ಮೀನು ತಿನ್ನುವ ಜನ! ಜಪಾನಿನ ಮಿನಾಮಾಟದಲ್ಲಿ ಪಾದರಸ ಸೇರಿದ ಮೀನು ತಿಂದು ಜನರ ನರಗಳೇ ಹಾಳಾದದ್ದು 1956ರಲ್ಲಿ ಬೆಳಕಿಗೆ ಬಂತು. ಅದು ಕಾರ್ಖಾನೆಯ ನೀರಿನಿಂದ ಆದದ್ದು, ಹಲ್ಲಿನ ಫಿಲ್ಲಿಂಗಿನಿಂದಲ್ಲ. ಆದರೆ ಪಾದರಸವನ್ನು ಎಲ್ಲ ಕಡೆಯಿಂದಲೂ ಕಡಿಮೆ ಮಾಡೋಣ ಎಂದು 2013ರಲ್ಲಿ ದೇಶಗಳು ಮಾಡಿಕೊಂಡ ಒಪ್ಪಂದಕ್ಕೆ ಅದೇ ಊರಿನ ಹೆಸರಿಟ್ಟಿದ್ದಾರೆ. 2018ರಲ್ಲಿ ಭಾರತವೂ ಅದಕ್ಕೆ ಸೇರಿತು. ವೈದ್ಯರು ಅನಿವಾರ್ಯ ಎಂದರೆ ಮಾತ್ರ ಬಿಟ್ಟು, ಹಾಲು ಹಲ್ಲಿಗೆ, 15 ವರ್ಷದೊಳಗಿನ ಮಕ್ಕಳಿಗೆ, ಗರ್ಭಿಣಿಯರಿಗೆ, ಹಾಲುಣಿಸುವ ತಾಯಂದಿರಿಗೆ ಅಮಾಲ್ಗಮ್ ಬೇಡ ಎಂದು ಆ ಒಪ್ಪಂದದ ದೇಶಗಳು 2022ರಲ್ಲಿ ತೀರ್ಮಾನಿಸಿದವು. 2034ರೊಳಗೆ ಪೂರ್ತಿ ನಿಲ್ಲಿಸಬೇಕು ಎಂದು 2025ರಲ್ಲಿ ಒಪ್ಪಿಕೊಂಡವು. ಆ ತಾಯಿಗೆ ನಾನು ಬೆಳ್ಳಿ ಬೇಡ ಅಂದದ್ದು ಇದಕ್ಕೇ.

ಬಿಳಿಯದ್ದರಲ್ಲೂ ಮುಖ್ಯವಾಗಿ ಎರಡು ಬಗೆ ಇವೆ. ಇದನ್ನು ನೀವು ತಿಳಿದಿರಬೇಕು, ಯಾಕೆಂದರೆ ದರ ಬೇರೆ, ಗುಣ ಬೇರೆ. ಒಂದು ಕಾಂಪೋಸಿಟ್. ಇದು ಅಂಟು ಮತ್ತು ಗಾಜಿನ ಪುಡಿ ಸೇರಿದ್ದು. ತೆಳ್ಳಗೆ ಪದರ ಪದರವಾಗಿ ಹಾಕಿ, ಒಂದೊಂದು ಪದರಕ್ಕೂ ನೀಲಿ ಲೈಟು ಹಿಡಿದು ಗಟ್ಟಿ ಮಾಡುತ್ತಾರೆ. ಹಲ್ಲಿನ ಬಣ್ಣಕ್ಕೆ ಸರಿಹೊಂದುತ್ತದೆ, ದವಡೆ ಹಲ್ಲಿಗೂ ಆಗುತ್ತದೆ. ಆದರೆ ಹಾಕುವಾಗ ಒಂದು ಹನಿ ಉಗುಳು ತಾಗಿದರೂ ಸರಿಯಾಗಿ ಅಂಟುವುದಿಲ್ಲ. ಹಾಗಾಗಿ ಸಮಯ ಹಿಡಿಯುತ್ತದೆ, ಖರ್ಚೂ ಜಾಸ್ತಿ. ಡಾಕ್ಟರು ಬಾಯಿ ತುಂಬ ಹತ್ತಿ ತುರುಕಿದರೆ ಬೇಸರಪಡಬೇಡಿ, ಅವರು ಕೆಲಸ ಸರಿಯಾಗಿ ಮಾಡುತ್ತಿದ್ದಾರೆ ಅಂತ ಲೆಕ್ಕ.

ಇನ್ನೊಂದು ಗ್ಲಾಸ್ ಅಯೋನೋಮರ್. ಪುಡಿ ಮತ್ತು ದ್ರವ ಕಲಸಿ ಹಾಕುವುದು. ಲೈಟಿಲ್ಲದೆ ತಾನೇ ಗಟ್ಟಿಯಾಗುವ ಬಗೆಯೂ ಇದೆ. ತನ್ನಿಂದಲೇ ಸ್ವಲ್ಪ ಸ್ವಲ್ಪ ಫ್ಲೋರೈಡ್ ಬಿಡುತ್ತದೆ. 1980ರ ದಶಕದಲ್ಲಿ ಆಫ್ರಿಕಾದ ಟಾಂಜಾನಿಯಾದಲ್ಲಿ ಕರೆಂಟಿಲ್ಲದ ಹಳ್ಳಿಗಳಿಗೆಂದೇ ಒಂದು ಕ್ರಮ ಶುರುವಾಯಿತು. ಕೈಯಿಂದಲೇ ಹುಳುಕು ಕೆರೆದು ತೆಗೆದು ಇಂಥ ಅಂಟುವ ಸಿಮೆಂಟ್ ತುಂಬುವುದು. ಡ್ರಿಲ್ಲಿನ ಸದ್ದಿಲ್ಲ, ಹೆಚ್ಚಾಗಿ ಇಂಜೆಕ್ಷನ್ನೂ ಬೇಕಾಗುವುದಿಲ್ಲ. ಹೆದರುವ ಮಕ್ಕಳಿಗೆ ಬಹಳ ಅನುಕೂಲ. ದವಡೆಯ ದೊಡ್ಡ ತೂತಿಗೆ ಮಾತ್ರ ಇದರ ಬಲ ಸಾಲದು.

ಈಗ ಬಿಳಿಯದ್ದರ ಕೊರತೆಯನ್ನೂ ಹೇಳಬೇಕು, ಇಲ್ಲದಿದ್ದರೆ ನಾಳೆ ನನ್ನನ್ನೇ ಬೈಯುತ್ತೀರಿ. ದವಡೆ ಹಲ್ಲಿನಲ್ಲಿ ಕಾಂಪೋಸಿಟ್ ಸಾಮಾನ್ಯವಾಗಿ ಬೆಳ್ಳಿಯಷ್ಟು ವರ್ಷ ಬಾಳುವುದಿಲ್ಲ. ಮುಖ್ಯ ಕಾರಣ ಅದರ ಅಂಚಿನಲ್ಲಿ ಮತ್ತೆ ಹುಳುಕು ಹಿಡಿಯುವುದು. ದಿನಕ್ಕೆ ಐದು ಸಲ ಸಕ್ಕರೆ ಚಹಾ, ನಡುವೆ ಬಿಸ್ಕತ್ತು, ರಾತ್ರಿ ಬ್ರಷ್ ಇಲ್ಲ ಅಂದರೆ ಎಷ್ಟು ದುಡ್ಡು ಕೊಟ್ಟು ಹಾಕಿಸಿದರೂ ನಿಲ್ಲದು. ರಾತ್ರಿ ಮಲಗುವ ಮುಂಚೆ ಫ್ಲೋರೈಡ್ ಪೇಸ್ಟಿನಿಂದ ಹಲ್ಲುಜ್ಜಿ.

ದುಡ್ಡಿಲ್ಲ ಎಂದು ಕಾಯಬೇಡಿ. ತೂತು ಸಣ್ಣದಿರುವಾಗ ಬಂದರೆ ಖರ್ಚೂ ಸಣ್ಣದು. ನರದವರೆಗೆ ಹೋದ ಮೇಲೆ ಬೆಳ್ಳಿಯೂ ಇಲ್ಲ, ಬಿಳಿಯೂ ಇಲ್ಲ. ರೂಟ್ ಕೆನಾಲ್ ಮಾಡಿಸಬೇಕು, ಇಲ್ಲವೇ ಹಲ್ಲು ಕೀಳಿಸಬೇಕು. ಮಂಗಳೂರು, ಮಣಿಪಾಲದ ಕಡೆಯ ದಂತ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರ ಕಣ್ಣೆದುರಿನಲ್ಲೇ ಮಾಡುವ ಫಿಲ್ಲಿಂಗಿಗೆ ಹೊರಗಿಗಿಂತ ಕಡಿಮೆ ತೆಗೆದುಕೊಳ್ಳುತ್ತಾರೆ. ಹೊತ್ತು ಹಿಡಿಯುತ್ತದೆ, ಆದರೆ ಕೆಲಸ ಒಳ್ಳೆಯದಿರುತ್ತದೆ. ಎಲ್ಲಿಗೆ ಹೋದರೂ "ಯಾವ ಬಿಳಿ ಹಾಕ್ತೀರಿ, ಕಾಂಪೋಸಿಟಾ, ಗ್ಲಾಸ್ ಅಯೋನೋಮರಾ?" ಎಂದು ಮೊದಲೇ ಕೇಳಿ. ಅಷ್ಟು ಕೇಳುವ ಹಕ್ಕು ನಿಮಗಿದೆ.

ಕಡೆಯದಾಗಿ, ಇದನ್ನೆಲ್ಲ ಕೇಳಿ ಮನೆಗೆ ಹೋಗಿ ಹಳೆಯ ಬೆಳ್ಳಿ ಕೀಳಿಸಲು ಹೊರಡಬೇಡಿ! ಬಿರುಕಿಲ್ಲ, ಅಂಚಿನಲ್ಲಿ ಹುಳುಕಿಲ್ಲ, ನೋವಿಲ್ಲ ಅಂದರೆ ಅದು ಇದ್ದಲ್ಲೇ ಇರಲಿ. ಕೊರೆದು ತೆಗೆಯುವಾಗಲೇ ಪಾದರಸದ ಆವಿ ಹೆಚ್ಚು ಹೊರಡುವುದು, ಒಳ್ಳೆಯ ಹಲ್ಲೂ ಸವೆಯುವುದು. ಹಾಳಾದಾಗ ಬದಲಿಸಿದರಾಯಿತು. ಗರ್ಭಿಣಿಯರಂತೂ ಆ ಕೆಲಸಕ್ಕೆ ಈಗ ಕೈ ಹಾಕಲೇಬಾರದು.

ಪಕ್ಕದ ಕೋಣೆಯಲ್ಲಿ ತಪಾಸಣೆಗೆ ಕುರ್ಚಿ ಹಾಕಿದ್ದಾರೆ. ಮಕ್ಕಳನ್ನು ಕರೆತಂದವರು ಮೊದಲು ಬನ್ನಿ.