ಋತುಬಂಧ: ಆಹಾರ, ಆರೈಕೆ ಮತ್ತು ಗ್ರಾಮ ಪಂಚಾಯತಿಯ ಹೊಣೆ



ಜಮಖಂಡಿ, ಮುಧೋಳ, ಬೀಳಗಿಯ ಕಬ್ಬಿನ ಹೊಲಗಳಲ್ಲಿ, ರಬಕವಿ-ಬನಹಟ್ಟಿಯ ಮಗ್ಗಗಳಲ್ಲಿ ದುಡಿಯುವ ಮಹಿಳೆಯರಿಗೂ ಸಾಮಾನ್ಯವಾಗಿ 45ರಿಂದ 55ರ ವಯಸ್ಸಿನೊಳಗೆ ಮುಟ್ಟು ನಿಲ್ಲುತ್ತದೆ. ಸತತ 12 ತಿಂಗಳು ಮುಟ್ಟಾಗದಿದ್ದರೆ ಅದು ಋತುಬಂಧ, ರೋಗವಲ್ಲ. ಈಸ್ಟ್ರೋಜನ್ ತಗ್ಗುವುದರಿಂದ ಮೈ ಬಿಸಿಯೇರುವುದು, ಬೆವರು, ನಿದ್ರಾಭಂಗ ಉಂಟಾಗುತ್ತವೆ, ಮೂಳೆಯೂ ಸವೆಯುತ್ತದೆ.

ಇದಕ್ಕೆ ಈ ಭಾಗದ ಊಟದಲ್ಲಿಯೇ ನೆರವಿದೆ. ಮಜ್ಜಿಗೆ, ರಾಗಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಕ್ಯಾಲ್ಸಿಯಂ ಒದಗಿಸುತ್ತವೆ. ಬೇಳೆಕಾಳುಗಳು ಸ್ನಾಯುಬಲವನ್ನು ಕಾಯುತ್ತವೆ. ಕುಳಿತು ನೇಯುವವರು ನಿತ್ಯ 30 ನಿಮಿಷ ನಡೆಯುವುದು, ತಂಬಾಕು ಬಿಡುವುದು ಹಿತಕರ. ಆದರೆ ಆಹಾರವು ತಗ್ಗಿದ ಹಾರ್ಮೋನನ್ನು ಮರಳಿ ತರಲಾರದು. ತೊಂದರೆ ತೀವ್ರವಾದರೆ ವೈದ್ಯರನ್ನೇ ಕಾಣಬೇಕು.

‘ಗರ್ಭಕೋಶ ತೆಗೆಸಿದರೆ ಕಾಟ ತಪ್ಪೀತು’ ಎಂಬ ನಂಬಿಕೆ ಅಪಾಯಕಾರಿ. ಜೊತೆಗೆ ಅಂಡಾಶಯಗಳನ್ನೂ ತೆಗೆದರೆ ಋತುಬಂಧ ಅಕಾಲದಲ್ಲಿ, ಒಮ್ಮೆಲೇ ಬಂದೆರಗುತ್ತದೆ. ಮಹಾರಾಷ್ಟ್ರದ ಬೀಡ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಮಹಿಳೆಯರು ಇಂಥ ಶಸ್ತ್ರಚಿಕಿತ್ಸೆಗೆ ಒಳಗಾದುದು 2019ರಲ್ಲಿ ದೇಶದ ಗಮನ ಸೆಳೆಯಿತು. ಅನಗತ್ಯ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಗಳನ್ನು ಜಾರಿಗೊಳಿಸುವಂತೆ 2023ರಲ್ಲಿ ಸರ್ವೋಚ್ಚ ನ್ಯಾಯಾಲಯವು ರಾಜ್ಯಗಳಿಗೆ ನಿರ್ದೇಶಿಸಿದೆ.

ಮುಟ್ಟು ನಿಂತು ವರ್ಷ ಕಳೆದ ಮೇಲೆ ರಕ್ತಸ್ರಾವ ಕಂಡರೆ ತಡಮಾಡದೆ ತಪಾಸಣೆ ಮಾಡಿಸಬೇಕು. ಮುಂದಿನ ಮಹಿಳಾ ಗ್ರಾಮಸಭೆಯಲ್ಲಿ ಆಶಾ ಕಾರ್ಯಕರ್ತೆಯರ ಸಮ್ಮುಖದಲ್ಲಿ ಸದಸ್ಯರು ಈ ವಿಷಯವನ್ನು ಸಂಕೋಚವಿಲ್ಲದೆ ಚರ್ಚೆಗೆ ತರಬೇಕು.